ಗಡಿಯಾರ ನೋಡಿ ನೀರು ಬಿಡುವ ಮರಳುಗಾಡು: ಗಂಗಾನಗರದ ಕಾಲುವೆ ಊರುಗಳಲ್ಲಿ

ಶನಿವಾರ: ಮಂಜಿನಲ್ಲಿ ರೈಲು

2025-26ರಲ್ಲಿ ತುಂಗಭದ್ರೆಯಲ್ಲಿ ಎರಡನೇ ಬೆಳೆಗೆ ನೀರಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆಮೇಲೆ ಎಲ್ಲಾ 33 ಗೇಟ್ ಬದಲಿಸುವ ತೀರ್ಮಾನವಾಯಿತು. ಹಾಗಾಗಿ ಜನವರಿಯಲ್ಲಿ ಭತ್ತದ ನಾಟಿಯ ಗದ್ದಲದಲ್ಲಿ ಇರಬೇಕಾದ ನಮ್ಮ ಕಾಕಾ ಸಿಂಧನೂರಿನಲ್ಲಿ ಸುಮ್ನೆ ಕೂತಿದ್ದರು. "ನಡೀ ಕಾಕಾ, ಮರಳುಗಾಡಿನಾಗ ಗೋಧಿ ಬೆಳೆಯೋ ಊರು ತೋರಸ್ತೀನಿ" ಅಂದೆ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಮನೆ ರಾಜಸ್ಥಾನದ ಶ್ರೀ ಗಂಗಾನಗರದ ಹತ್ತಿರ. ಅವರದೂ ಕಾಲುವೆ ನೀರಿನ ಬೇಸಾಯ. ಕಾಕಾ ಸ್ವೆಟರ್ ಹುಡುಕಲು ಶುರು ಮಾಡಿದರು.

ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ ಸೇರಿ, ಅಲ್ಲಿಂದ ಬಟಿಂಡಾ, ಅಬೋಹರ್ ಮೇಲೆ ಗಂಗಾನಗರ. ಉತ್ತರಕ್ಕೆ ಹೋದಷ್ಟೂ ಮಂಜು ದಟ್ಟವಾಯಿತು. ರೈಲು ಪ್ರತಿ ಸಿಗ್ನಲ್‌ನಲ್ಲೂ ನಿಂತು ಯೋಚನೆ ಮಾಡುತ್ತಿತ್ತು. ಅಬೋಹರ್ ಬಿಟ್ಟ ಮೇಲೆ ಬಿಸಿಲು ಬಂತು. ಕಿಟಕಿಯ ಆಚೆ ಗೋಧಿ, ಹಳದಿ ಸಾಸಿವೆ, ಟ್ರ್ಯಾಕ್ಟರ್, ಪೇಟ ಸುತ್ತಿದ ರೈತರು.

"ಮರಳುಗಾಡು ಅಂದಿದ್ದೆಲ್ಲೋ. ಪಂಜಾಬ್ ಇದ್ದಂಗ ಐತಿ" ಅಂದರು ಕಾಕಾ.

"ಇನ್ನೂ ಪಂಜಾಬೇ ಕಾಕಾ, ತಡೀರಿ" ಅಂದೆ. ಗಡಿ ದಾಟಿ ರಾಜಸ್ಥಾನ ಬಂದರೂ ಏನೂ ಬದಲಾಗಲಿಲ್ಲ. ಅದೇ ಗೋಧಿ, ಅದೇ ಪೇಟ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 200ರಿಂದ 250 ಮಿಲಿಮೀಟರ್ ಆಸುಪಾಸು. ಬರದ ನಾಡು ಅನ್ನಿಸಿಕೊಂಡ ನಮ್ಮ ರಾಯಚೂರಿನಲ್ಲೇ ಇದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಬೇಸಿಗೆಯಲ್ಲಿ 48 ಡಿಗ್ರಿ, ಜನವರಿ ರಾತ್ರಿ ಸೊನ್ನೆಯ ಹತ್ತಿರ. ನೂರು ವರ್ಷದ ಹಿಂದೆ ಗಂಗಾನಗರ ಅನ್ನುವ ಊರೇ ಇರಲಿಲ್ಲ. ರಾಮನಗರ ಅನ್ನುವ ಒಂದು ಸಣ್ಣ ಹಳ್ಳಿ ಇತ್ತು. ಸುತ್ತ ಮರಳುದಿಬ್ಬ, ಖೇಜ್ರಿ ಮರ, ಆಳದ ಬಾವಿಯಲ್ಲಿ ಉಪ್ಪು ನೀರು.

ಕಥೆ ಶುರುವಾಗುವುದು ಬರದಿಂದ. ವಿಕ್ರಮ ಸಂವತ್ 1956, ಅಂದರೆ 1899-1900. ರಾಜಸ್ಥಾನದವರು ಅದನ್ನು ಇವತ್ತಿಗೂ 'ಛಪ್ಪನಿಯಾ' ಬರ ಅಂತಲೇ ಕರೆಯುತ್ತಾರೆ. ಬಿಕಾನೇರ್ ಮಹಾರಾಜ ಗಂಗಾ ಸಿಂಗ್‌ಗೆ ಆಗ ಹತ್ತೊಂಬತ್ತು ವರ್ಷ. ಸಂಸ್ಥಾನದಲ್ಲಿ ಜನ, ದನ ಸಾಲುಸಾಲಾಗಿ ಸತ್ತರು. ಹೇಗಾದರೂ ಸಟ್ಲೆಜ್ ನೀರು ತರಬೇಕು ಅನ್ನುವುದು ಆಗ ಅವನ ತಲೆಯಲ್ಲಿ ಕೂತಿತು. ತೊಂದರೆ ಏನೆಂದರೆ, ಸಟ್ಲೆಜ್ ಬಿಕಾನೇರನ್ನು ಮುಟ್ಟುವುದೇ ಇಲ್ಲ. ನಡುವೆ ಬ್ರಿಟಿಷರ ಪಂಜಾಬ್, ನದಿಯ ಕೆಳಗಡೆ ಬಹಾವಲ್‌ಪುರ ಸಂಸ್ಥಾನ. ನದಿ ನಿಮ್ಮ ನೆಲದಲ್ಲಿ ಹರಿಯುವುದಿಲ್ಲ, ನಿಮಗೆಂಥ ಪಾಲು ಅನ್ನುವುದು ಬಹಾವಲ್‌ಪುರದವರ ವಾದ. 1920ರಲ್ಲಿ ಮೂವರ ನಡುವೆ ಒಪ್ಪಂದ ಆಯಿತು. 1925ರ ಡಿಸೆಂಬರ್ 5ರಂದು ಫಿರೋಜ್‌ಪುರದಲ್ಲಿ ಅಡಿಗಲ್ಲು, 1927ರ ಅಕ್ಟೋಬರ್ 26ರಂದು ನೀರು. ಅದೇ ಗಂಗ ಕಾಲುವೆ. ಎರಡು ವರ್ಷ ಸಹ ತುಂಬಿರಲಿಲ್ಲ! ನಮ್ಮ ಕಡೆ ಅಷ್ಟರಲ್ಲಿ ಉಪಕಾಲುವೆ ಹೂಳೆತ್ತುವ ಟೆಂಡರ್ ಆದರೆ ಪುಣ್ಯ.

ಸ್ಟೇಷನ್‌ಗೆ ಹುಡುಗನ ಅಪ್ಪ ಬಂದಿದ್ದರು. ಸರ್ದಾರ್‌ಜಿ ಅಂತ ಕರೆಯುತ್ತೇನೆ, ಅವರ ಹೆಸರು ಇಲ್ಲಿ ಬೇಡ. ಕಾಕಾ ರಾಯಚೂರಿನ ದಖ್ಖನಿಯಲ್ಲಿ ಮಾತು ಶುರು ಮಾಡಿದರು. ಅವರು ಪಂಜಾಬಿ ಕಲೆಸಿದ ಹಿಂದಿಯಲ್ಲಿ ಉತ್ತರ ಕೊಟ್ಟರು. ಐದು ನಿಮಿಷದಲ್ಲಿ ಇಬ್ಬರೂ ಡಿಎಪಿ ಗೊಬ್ಬರದ ಬೆಲೆಗೆ ಬಂದಿದ್ದರು. ನನ್ನ ಅಗತ್ಯವೇ ಇರಲಿಲ್ಲ.

ಭಾನುವಾರ: ಕಾಲುವೆಯಲ್ಲಿ ಕ್ಯಾರೆಟ್

ಪಟ್ಟಣದ ಗಂಗಾ ಸಿಂಗ್ ಚೌಕದಲ್ಲಿ ಮಹಾರಾಜನ ಪ್ರತಿಮೆ ನೋಡಿ ಮುಂದೆ ಹೊರಟೆವು. ಇಲ್ಲಿನವರಿಗೆ ಅವನು ಕಲಿಯುಗದ ಭಗೀರಥ. ಗಜಲ್ ಹಾಡುವ ಜಗಜಿತ್ ಸಿಂಗ್ ಹುಟ್ಟಿದ್ದೂ ಈ ಊರಲ್ಲೇ, 1941ರಲ್ಲಿ. ಅದು ನನಗೆ ದೊಡ್ಡ ವಿಷಯ, ಕಾಕಾಗೆ ಅಲ್ಲ. ಅವರಿಗೆ ಕಾಲುವೆ ನೋಡಬೇಕಿತ್ತು.

ಅಬೋಹರ್ ರಸ್ತೆಯಲ್ಲಿ ಸಾಧುವಾಲಿ ಅನ್ನುವ ಹಳ್ಳಿ. ಇಡೀ ಚಳಿಗಾಲ ಇಲ್ಲಿ ಕಾಲುವೆ ದಂಡೆಯೇ ಕ್ಯಾರೆಟ್ ಮಂಡಿ. ಸಾಲಾಗಿ ತೊಳೆಯುವ ಯಂತ್ರಗಳು. ಕಬ್ಬಿಣದ ಪಟ್ಟಿ ಬಡಿದು ಮಾಡಿದ ಉದ್ದನೆಯ ಡ್ರಮ್, ಅದನ್ನು ತಿರುಗಿಸಲು ಎಂಜಿನ್. ಟ್ರಾಲಿಯಿಂದ ಮಣ್ಣು ಮೆತ್ತಿದ ಕ್ಯಾರೆಟ್ ಸುರಿಯುತ್ತಾರೆ. ಪಂಪು ಕಾಲುವೆ ನೀರನ್ನು ಮೇಲಿಂದ ಚಿಮ್ಮುತ್ತದೆ. ಡ್ರಮ್ ಗಡಗಡ ತಿರುಗುತ್ತದೆ. ಮೊದಲು ಕಂದು ಕೆಸರು, ಆಮೇಲೆ ತಿಳಿ ಕೆಂಪು ನೀರು, ಕೊನೆಗೆ ಇನ್ನೊಂದು ಬಾಯಿಯಿಂದ ಫಳಫಳ ಕೆಂಪು ಕ್ಯಾರೆಟ್ ಉರುಳುತ್ತದೆ. ಮೊಣಕಾಲುದ್ದ ರಬ್ಬರ್ ಬೂಟು ಹಾಕಿದ ಹುಡುಗರು ಅದನ್ನು ಪಾಲಿಥಿನ್ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. ನಮ್ಮಲ್ಲಿ ಸಿಗುವ ಕಿತ್ತಳೆ ಬಣ್ಣದ್ದಲ್ಲ, ದೇಸಿ ಕೆಂಪು. ಒಬ್ಬ ಹುಡುಗ ಒಂದನ್ನು ಕಾಕಾ ಕೈಗಿಟ್ಟ. ಅದೇ ನೀರಲ್ಲಿ ತೊಳೆದದ್ದು ಅಂತ ನಾನು ಹಿಂದೆಮುಂದೆ ನೋಡುವಷ್ಟರಲ್ಲಿ ಕಾಕಾ ಅರ್ಧ ಮುಗಿಸಿದ್ದರು.

ನನಗೆ ಹಿಂಜರಿಕೆ ಸುಮ್ನೆ ಬಂದದ್ದಲ್ಲ. ಲುಧಿಯಾನಾದ ಕಾರ್ಖಾನೆ ಮತ್ತು ಚರಂಡಿಯ ಕೊಳಕು ಬುಢ್ಢಾ ನಾಲಾ ಮೂಲಕ ಸಟ್ಲೆಜ್ ಸೇರುತ್ತದೆ. ಅದೇ ಸಟ್ಲೆಜ್ ನೀರು ಇಲ್ಲಿಗೆ ಬರುತ್ತದೆ. ಕಾಲುವೆ ದುರಸ್ತಿಗೆ ನೀರು ನಿಲ್ಲಿಸಿ ಮತ್ತೆ ಬಿಟ್ಟಾಗ ಮೊದಲ ಕೆಲವು ದಿನ ಕಪ್ಪು ನೀರು ಬರುತ್ತದೆ ಅಂತ ಸರ್ದಾರ್‌ಜಿ ಹೇಳಿದರು. ಇದರ ವಿರುದ್ಧ ಇಲ್ಲಿ ಬಂದ್, ಧರಣಿ ಆಗಿವೆ. ಬಟಿಂಡಾ, ಅಬೋಹರ್ ಕಡೆಯಿಂದ ಬಿಕಾನೇರಿನ ಕ್ಯಾನ್ಸರ್ ಆಸ್ಪತ್ರೆಗೆ ರೋಗಿಗಳನ್ನು ಕೊಂಡೊಯ್ಯುವ ರೈಲನ್ನು ಜನ 'ಕ್ಯಾನ್ಸರ್ ಟ್ರೇನ್' ಅಂತಲೇ ಕರೆಯುತ್ತಾರೆ. ಕೆಲವರು ನೀರನ್ನು ದೂರುತ್ತಾರೆ, ಕೆಲವರು ಹತ್ತಿಗೆ ಹೊಡೆಯುವ ಔಷಧಿಯನ್ನು.

ಅಲ್ಲಿಂದ ಶಿವಪುರ ಹೆಡ್, ಅಂದರೆ ಕಾಲುವೆಯ ಗೇಟು ಇರುವ ಜಾಗ. ವೈಸ್‌ರಾಯ್ ಲಾರ್ಡ್ ಇರ್ವಿನ್ ಕಾಲುವೆ ಉದ್ಘಾಟಿಸಿದ ಜಾಗ. ಮದನ ಮೋಹನ ಮಾಳವೀಯರೂ ಬಂದಿದ್ದರು. ಫಿರೋಜ್‌ಪುರದಿಂದ ಇಲ್ಲಿವರೆಗೆ ಸುಮಾರು 130 ಕಿಲೋಮೀಟರ್ ಕಾಲುವೆಗೆ ತಳಕ್ಕೂ ಬದಿಗೂ ಸುಣ್ಣದ ಕಾಂಕ್ರೀಟ್ ಹಾಕಿದ್ದರು. ಆ ಕಾಲಕ್ಕೆ ಜಗತ್ತಿನಲ್ಲೇ ಇಷ್ಟುದ್ದದ ಲೈನಿಂಗ್ ಕಾಲುವೆ ಇರಲಿಲ್ಲ ಅನ್ನುತ್ತಾರೆ. ದುಬಾರಿ ಕೆಲಸ. ಆದರೆ ಲೆಕ್ಕ ಸರಿಯಾಗಿತ್ತು. ಕಾಲುವೆಯ ಬಹುಪಾಲು ಹೋಗುವುದು ಇನ್ನೊಬ್ಬರ ನೆಲದಲ್ಲಿ, ಮರಳು ಮಣ್ಣಿನಲ್ಲಿ. ಅಲ್ಲಿ ಇಂಗಿದ ಪ್ರತಿ ಹನಿಯೂ ಬಿಕಾನೇರಿಗೆ ನಷ್ಟ.

ಕಾಕಾ ಮೊದಲು ನೋಡಿದ್ದು ಗೇಟನ್ನಲ್ಲ, ನೀರಿನ ಮಟ್ಟ ತೋರಿಸುವ ಗೇಜ್ ಪಟ್ಟಿಯನ್ನು. ನಮ್ಮ ಎಡದಂಡೆ ಕಾಲುವೆಯ ರೈತರ ಅಭ್ಯಾಸ ಅದು. ನೀರು ಎಷ್ಟು ಚೆಂದ ಹರಿಯುತ್ತಿದೆ ಅನ್ನುವುದು ಮುಖ್ಯ ಅಲ್ಲ, ಗೇಜ್ ಎಷ್ಟಿದೆ ಅನ್ನುವುದು ಮುಖ್ಯ. "ಮೇಲಿನವರು ಕದಿಯೋದಿಲ್ಲೇನು?" ಅಂತ ಕೇಳಿದರು. ಸರ್ದಾರ್‌ಜಿ ನಕ್ಕುಬಿಟ್ಟರು. ಪಂಜಾಬಿನಿಂದ ನೀರು ರಾಜಸ್ಥಾನಕ್ಕೆ ಇಳಿಯುವ ಜಾಗ ಖಖ್ಖಾಂ ಹೆಡ್. ಅಲ್ಲಿ ಬಂದದ್ದೆಷ್ಟು, ಬರಬೇಕಾದದ್ದೆಷ್ಟು ಅನ್ನುವುದು ಇಲ್ಲಿನ ದಿನನಿತ್ಯದ ಸುದ್ದಿ. ಪೈರಿಗೆ ನೀರು ಬೇಕಾದ ವಾರದಲ್ಲಿ ಅಂಕಿ ಕಮ್ಮಿಯಾದರೆ ಗಂಗಾನಗರದ ಕಲೆಕ್ಟರ್ ಕಚೇರಿ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತವೆ. ಮಾನ್ವಿಯವರು, ರಾಯಚೂರಿನವರು ಇದನ್ನು ಓದಿದರೆ ತಮ್ಮದೇ ಊರಿನ ಸುದ್ದಿ ಅಂದುಕೊಂಡಾರು.

ಸೋಮವಾರ: ಚಕ್‌ನಲ್ಲಿ ಹಗಲು, ರಾತ್ರಿ

ಸರ್ದಾರ್‌ಜಿ ಊರಿಗೆ ಹೆಸರಿಲ್ಲ. ನಂಬರಿದೆ, ಇಂಗ್ಲಿಷ್ ಅಕ್ಷರ ಇದೆ. ಈ ಕಡೆ ಎಲ್ಲಾ ಹೀಗೆಯೇ: ಚಕ್ 3 ಇ ಛೋಟಿ, ಚಕ್ 6 ಝಡ್, ಚಕ್ 24 ಜಿಬಿ. ಚಕ್ ಅಂದರೆ ಒಂದು ತೂಬಿನ ಊರು. ಅಕ್ಷರ ಅಂದರೆ ಉಪಕಾಲುವೆ. ನಂಬರ್ ಅಂದರೆ ಆ ಉಪಕಾಲುವೆಯ ಎಷ್ಟನೇ ತೂಬು ಅನ್ನುವುದು. ಜನ ಬರುವುದಕ್ಕೆ ಮೊದಲೇ ಎಂಜಿನಿಯರುಗಳು ಕಾಗದದ ಮೇಲೆ ಊರು ಬರೆದಿದ್ದರು. ಹೆಸರಿಡಲು ಅಲ್ಲಿ ಯಾರೂ ಇರಲಿಲ್ಲ, ತೂಬಿನ ನಂಬರೇ ಊರಾಯಿತು. ಮಂಡಿ ಪಟ್ಟಣಗಳಿಗೆ ಮಾತ್ರ ರಾಜಮನೆತನದ ಹೆಸರು ಬಿತ್ತು: ರಾಯಸಿಂಗ್‌ನಗರ, ಗಜಸಿಂಗ್‌ಪುರ, ಪದಂಪುರ, ಕರಣಪುರ. ಕಾಕಾಗೆ ಇದು ವಿಚಿತ್ರ ಅನ್ನಿಸಲಿಲ್ಲ. ಸಿಂಧನೂರಿನ ಸುತ್ತ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳು ಇವತ್ತಿಗೂ ನಂಬರಿನಲ್ಲೇ ಇವೆ.

ಜಮೀನೂ ಹಾಗೆಯೇ, ರೂಲುಪಟ್ಟಿ ಇಟ್ಟು ಗೀರಿದ್ದು. ಒಂದು ಮುರಬ್ಬಾ ಅಂದರೆ 25 ಬಿಘಾ. ಚೌಕಾಬಾರಾ ಮನೆಯ ಹಾಗೆ ಐದು ಅಡ್ಡ, ಐದು ಉದ್ದ, ಒಟ್ಟು 25 ಚೌಕ. ಒಂದೊಂದು ಚೌಕಕ್ಕೂ ನಂಬರ್, ಅದನ್ನು ಕಿಲ್ಲಾ ಅನ್ನುತ್ತಾರೆ. ಬಿಘಾ 165 ಅಡಿಗೆ 165 ಅಡಿ. ನಮ್ಮ ಲೆಕ್ಕದಲ್ಲಿ ಮುರಬ್ಬಾಕ್ಕೆ 15 ಎಕರೆ 25 ಗುಂಟೆ. ಕಾಕಾ ಬೆರಳಲ್ಲೇ ಗುಣಿಸಿ ಇದನ್ನು ಹೇಳಿದಾಗ ಸರ್ದಾರ್‌ಜಿಗೆ ಆಶ್ಚರ್ಯ. ಗುಂಟೆ ಅಂದರೇನು ಅಂತ ಅರ್ಧ ಗಂಟೆ ಚರ್ಚೆ ಆಯಿತು. ಬಿಟ್ಟುಬಿಡುತ್ತೇನೆ.

ಮಹಾರಾಜ ಈ ಚೌಕಗಳನ್ನು ಮಾರಿದ. ಕಾಲುವೆ ಬೇಸಾಯ ಗೊತ್ತಿದ್ದ ಪಂಜಾಬಿನ ಸಿಖ್ಖರನ್ನು ಕರೆದ. ಸರ್ದಾರ್‌ಜಿ ಅಜ್ಜ ಫಿರೋಜ್‌ಪುರ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು. ಅಲ್ಲಿನ ಸ್ವಲ್ಪ ಜಮೀನು ಮಾರಿ ಇಲ್ಲಿ ಪೂರ್ತಿ ಒಂದು ಮುರಬ್ಬಾ ಹಿಡಿದರಂತೆ. ಇದನ್ನು ಕೇಳಿದ ಕೂಡಲೇ ಕಾಕಾ ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಆಂಧ್ರದವರು ಬಂದಂಗ." ನಿಜ. 1953ರಲ್ಲಿ ತುಂಗಭದ್ರೆ ನೀರು ಬಂದ ಮೇಲೆ ಆಂಧ್ರದ ರೈತರು ಅಲ್ಲಿ ಎಕರೆ ಮಾರಿ ಇಲ್ಲಿ ಹತ್ತು ಎಕರೆ ಕೊಂಡು ಕ್ಯಾಂಪ್ ಕಟ್ಟಿದರು. ಅವರಿಗೆ ಭತ್ತ ಗೊತ್ತಿತ್ತು, ನಮ್ಮವರಿಗೆ ಜೋಳ. ಅಗ್ಗಕ್ಕೆ ಮಾರಿದ ಕೆಲವರು ಆಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದರು. ಇಲ್ಲಿಯೂ ಮೊದಲಿದ್ದ ಬಾಗಡಿ ರೈತರು, ದನ ಮೇಯಿಸಿಕೊಂಡಿದ್ದ ಮುಸ್ಲಿಂ ಕುಟುಂಬಗಳು ಇದ್ದವಲ್ಲ, ಅವರೆಲ್ಲಿ ಅಂತ ಕೇಳಿದೆ. ಬಾಗಡಿಗಳು ಪಕ್ಕದ ಚಕ್‌ಗಳಲ್ಲೇ ಇದ್ದಾರೆ, ಮುಸ್ಲಿಮರು ಬಹಳಷ್ಟು ಜನ 1947ರಲ್ಲಿ ಆಚೆ ಹೋದರು ಅಂದರು ಸರ್ದಾರ್‌ಜಿ. ಅಷ್ಟೇ ಹೇಳಿ ಚಹಾ ತರಿಸಿದರು.

ಮನೆಯ ಅಜ್ಜಿಯನ್ನು ಎಲ್ಲರೂ ಬೀಜಿ ಅನ್ನುತ್ತಾರೆ. ನಾವೂ ಹಾಗೇ ಕರೆದೆವು. ಬಿಸಿಲಿಗೆ ಮಂಚ ಹಾಕಿಕೊಂಡು ಸಾಸಿವೆ ಸೊಪ್ಪು ಸೋಸುತ್ತಿದ್ದರು. ಸೊಸೆಯಾಗಿ ಬಂದಾಗ ಮನೆ ಹಿಂದೆಯೇ ಮರಳುದಿಬ್ಬ ಇತ್ತಂತೆ. ಒಂಟೆಗೆ ಹಲಗೆ ಕಟ್ಟಿ ದಿಬ್ಬ ಎಳೆದು ತಗ್ಗಿಗೆ ಹಾಕುವುದು, ಮತ್ತೆ ಎಳೆಯುವುದು. ಒಂದು ಕಿಲ್ಲಾ ಸಮ ಮಾಡಲು ಇಡೀ ಚಳಿಗಾಲ ಬೇಕಾಗುತ್ತಿತ್ತು. ಮೇ ತಿಂಗಳ ಬಿರುಗಾಳಿ ಒಂದೇ ರಾತ್ರಿಯಲ್ಲಿ ಹೊಲಗಾಲುವೆಯನ್ನು ಮರಳಿನಿಂದ ಮುಚ್ಚಿಬಿಡುತ್ತಿತ್ತು. "ನಮ್ಮ ಪಾಳಿ ಬರುವಷ್ಟರಲ್ಲಿ ಗಂಡಸರು ಹೆಂಗಸರು ಎಲ್ಲಾ ಸೇರಿ ತೋಡಬೇಕು. ಪಾಳಿ ಯಾರಿಗೂ ಕಾಯುವುದಿಲ್ಲ ಮಗಾ" ಅಂದರು.

ಆ ಪಾಳಿ ನೋಡಲೆಂದೇ ರಾತ್ರಿ ಉಳಿದೆವು.

ವಾರಬಂದಿ, ಅಂದರೆ ನೀರಿನ ವಾರದ ಪಾಳಿ, ಅನ್ನುವುದನ್ನು ನಮ್ಮ ನೀರಾವರಿ ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇವೆ. ಇಲ್ಲಿ ಅದು ಭಾಷಣ ಅಲ್ಲ, ಗೋಡೆಗೆ ಅಂಟಿಸಿದ ಪಟ್ಟಿ. ವಾರಕ್ಕೆ 168 ಗಂಟೆ, ಅಂದರೆ 10,080 ನಿಮಿಷ. ಅದನ್ನು ಚಕ್‌ನ ಬಿಘಾಗಳಿಗೆ ಹಂಚಬೇಕು. ಒಂದು ಚಕ್‌ಗೆ 600 ಬಿಘಾ ಇದೆ ಅಂದುಕೊಳ್ಳಿ. ಬಿಘಾಕ್ಕೆ 17 ನಿಮಿಷಕ್ಕೆ ಚೂರು ಕಮ್ಮಿ, ಮುರಬ್ಬಾಕ್ಕೆ ಏಳು ಗಂಟೆ. ಆ ಏಳು ಗಂಟೆ ತೂಬಿನ ಪೂರ್ತಿ ನೀರು ನಿನ್ನದು. ಆಮೇಲೆ ಒಂದು ನಿಮಿಷವೂ ಇಲ್ಲ. ಕಾಲುವೆ ಓಡುವ ವಾರದಲ್ಲಿ ಯಾರ ಪಾಳಿ ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದು ಗೊತ್ತಿರುತ್ತದೆ. ಸಣ್ಣ ಸಣ್ಣ ನ್ಯಾಯವೂ ಪಟ್ಟಿಯಲ್ಲಿದೆ. ಒಣಗಿದ ಹೊಲಗಾಲುವೆ ತುಂಬಲು ಹಿಡಿಯುವ ಸಮಯವನ್ನು ಆ ರೈತನಿಗೆ ಜಾಸ್ತಿ ಕೊಡುತ್ತಾರೆ. ಕೊನೆಯವನಿಗೆ ಕಾಲುವೆಯಲ್ಲಿ ಉಳಿದ ನೀರು ಹೇಗೂ ಸಿಗುತ್ತದಲ್ಲ, ಅವನ ಲೆಕ್ಕದಲ್ಲಿ ಅಷ್ಟು ನಿಮಿಷ ಕಳೆಯುತ್ತಾರೆ. ಭರಾಯಿ, ಝರಾಯಿ ಅಂತ ಅದಕ್ಕೆ ಹೆಸರು.

ಸರ್ದಾರ್‌ಜಿ ಪಾಳಿ ಮಧ್ಯರಾತ್ರಿ ದಾಟಿ 2 ಗಂಟೆ 40 ನಿಮಿಷಕ್ಕೆ. ಎರಡು ಗಂಟೆಗೇ ಎಬ್ಬಿಸಿದರು. ಕಂಬಳಿ ಹೊದ್ದು, ಹೆಗಲಿಗೆ ಸಲಿಕೆ ಹಾಕಿಕೊಂಡು ಹೊರಟರು. ಮಂಜಿನಲ್ಲಿ ಟಾರ್ಚ್ ಬೆಳಕು ನಾಲ್ಕು ಹೆಜ್ಜೆ ಆಚೆ ಹೋಗುತ್ತಿರಲಿಲ್ಲ. ನಕ್ಕಾ ಹತ್ತಿರ, ಅಂದರೆ ಹೊಲಗಾಲುವೆಯಿಂದ ಹೊಲಕ್ಕೆ ನೀರು ತಿರುಗಿಸುವ ಕಂಡಿಯ ಹತ್ತಿರ, ಪಕ್ಕದ ಮುರಬ್ಬಾದವನು ಹತ್ತಿಕಡ್ಡಿಗೆ ಬೆಂಕಿ ಹಚ್ಚಿಕೊಂಡು ಕೂತಿದ್ದ. ಇಬ್ಬರೂ ನಮಸ್ಕಾರಕ್ಕೆ ಮೊದಲು ಮೊಬೈಲ್ ತೆಗೆದು ಸಮಯ ನೋಡಿಕೊಂಡರು. ಎರಡೂ ಒಂದೇ ತೋರಿಸಿತು. ಮೊದಲೆಲ್ಲ ಕೈಗಡಿಯಾರದ ಕಾಲದಲ್ಲಿ ನಿನ್ನದು ಮುಂದೆ, ನನ್ನದು ಹಿಂದೆ ಅಂತ ತಲೆ ಒಡೆದುಕೊಂಡದ್ದೂ ಉಂಟಂತೆ.

2.38. ಯಾರೂ ಮಾತಾಡಲಿಲ್ಲ. 2.40ಕ್ಕೆ ಸರ್ದಾರ್‌ಜಿ ಕಾಲುವೆಗೆ ಇಳಿದರು. ಕಬ್ಬಿಣದ ತಗಡು ಎತ್ತಿ ತಮ್ಮ ಕಂಡಿ ಬಿಟ್ಟರು, ಅದೇ ತಗಡನ್ನು ಪಕ್ಕದವನ ಬಾಯಿಗೆ ಒತ್ತಿ, ಸಂದಿಗೆ ನಾಲ್ಕು ಸಲಿಕೆ ಹಸಿ ಮಣ್ಣು ಹಾಕಿ ಕಾಲಿಂದ ತುಳಿದರು. ನೀರು ಒಂದು ಕ್ಷಣ ಗೊಂದಲಕ್ಕೆ ಬಿದ್ದು ಸುಳಿಯಿತು. ಆಮೇಲೆ ನೊರೆ, ಒಣ ಎಲೆ, ಒಂದು ಗುಟ್ಕಾ ಪೊಟ್ಟಣ ಹೊತ್ತುಕೊಂಡು ಗೋಧಿ ಹೊಲಕ್ಕೆ ನುಗ್ಗಿತು. ಪಕ್ಕದವನು ಬೆಂಕಿಯನ್ನು ನಮಗೇ ಬಿಟ್ಟು ಮನೆಗೆ ಹೋದ. ಒಂದು ಕಿಲ್ಲಾ ತುಂಬಿದ ಕೂಡಲೇ ಮುಂದಿನದಕ್ಕೆ ತಿರುಗಿಸಬೇಕು. ಕತ್ತಲಲ್ಲಿ ತುಂಬಿದ್ದು ಹೇಗೆ ಗೊತ್ತಾಗುತ್ತದೆ? ಹೊಲದ ಆ ತುದಿಗೆ ಹೋಗಿ ಬರಿಗಾಲಲ್ಲಿ ನಿಲ್ಲುತ್ತಾರೆ. ಪಾದಕ್ಕೆ ನೀರು ಬಂದಾಗ ಕೂಗುತ್ತಾರೆ. ಆ ಚಳಿಯಲ್ಲಿ ನಾನು ಶೂ ಬಿಚ್ಚಲಿಲ್ಲ. ಕಾಕಾ ಬಿಚ್ಚಿದರು, ನಿಂತರು, ಕೂಗಿದರು.

ಬೆಳಗಿನ ಜಾವ ಬೆಂಕಿ ಮುಂದೆ ಕೂತು ಕಾಕಾ ನನಗೆ ಕನ್ನಡದಲ್ಲಿ ಹೇಳಿದ್ದು ಇದು: "ಇವರಿಗೆ ನೀರು ನಮಗಿಂತ ಕಮ್ಮಿ. ಆದ್ರ ಯಾವಾಗ ಬರ್ತದ ಅಂತ ಗೊತ್ತೈತಿ. ನಮಗ ಗೊತ್ತಿಲ್ಲ. ಅದಕ್ಕ ಬಂದಾಗ ಎಲ್ಲಾರೂ ಹೊಲ ತುಂಬಿಸಿಕೊಂಡು ಕೂಡ್ತೀವಿ." ಭತ್ತಕ್ಕೆ ಇಂಥ ಪಾಳಿ ಒಗ್ಗುವುದಿಲ್ಲ ಅನ್ನುವುದೂ ನಿಜ. ಆದರೆ ತುಂಗಭದ್ರೆಯ ಕಾಲುವೆಗಳನ್ನು ಮೊದಲು ಯೋಚಿಸಿದ್ದೂ ಹೆಚ್ಚಾಗಿ ಅರೆ ನೀರಾವರಿ ಬೆಳೆಗೆ. ಎಲ್ಲರೂ ಭತ್ತಕ್ಕೆ ಬಿದ್ದದ್ದು ಆಮೇಲೆ. ಕಾಕಾ ಕೂಡ.

ಮಂಗಳವಾರ: ಕಿನ್ನೋ, ಗಡಿ

ನಿದ್ದೆ ಇಲ್ಲದ ದಿನ, ಬೇಗ ಮುಗಿಸುತ್ತೇನೆ. ಕರಣಪುರದ ಕಡೆ ಕಿನ್ನೋ ತೋಟಗಳು. ಕಿತ್ತಳೆ ಜಾತಿಯ ಈ ಹಣ್ಣು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಂಶೋಧನಾ ಕೇಂದ್ರದಲ್ಲಿ, ಬೆಳೆದು ದೊಡ್ಡದಾದದ್ದು ಪಂಜಾಬಿನಲ್ಲಿ. ಜನವರಿ ಕೊಯ್ಲಿನ ಕಾಲ. ಶೆಡ್‌ನಲ್ಲಿ ಹಣ್ಣು ತೊಳೆದು, ಮೇಣ ಹಚ್ಚಿ, ಗಾತ್ರ ನೋಡಿ ಪೆಟ್ಟಿಗೆಗೆ ತುಂಬುತ್ತಾರೆ. ತೋಟದ ಮೂಲೆಯಲ್ಲಿ ಡಿಗ್ಗಿ, ನಮ್ಮ ಕೃಷಿ ಹೊಂಡದ ಅಣ್ಣ. ಪಾಳಿಯ ನೀರನ್ನು ಅದರಲ್ಲಿ ಹಿಡಿದಿಟ್ಟು ಬೇಕಾದಾಗ ಹನಿ ನೀರಾವರಿಗೆ ಬಿಡುತ್ತಾರೆ. ಹತ್ತಿ ಬಿಟ್ಟು ಈ ಕಡೆ ಬಂದವರು ಜಾಸ್ತಿ. 2023ರಲ್ಲಿ ಗುಲಾಬಿ ಕಾಯಿಕೊರಕ ಇಡೀ ಜಿಲ್ಲೆಯ ಹತ್ತಿ ತಿಂದುಹಾಕಿತ್ತು. ಹತ್ತಿ ಬೆಳೆದು ಕೈ ಸುಟ್ಟುಕೊಂಡ ನೆನಪು ಕಾಕಾಗೂ ಇದೆ, ಜಾಸ್ತಿ ಕೇಳಲಿಲ್ಲ.

ಸಂಜೆ ಹಿಂದುಮಲ್‌ಕೋಟ್. ಮೊದಲು ಇಲ್ಲಿಂದ ರೈಲು ಆಚೆ ಬಹಾವಲ್‌ನಗರದ ಕಡೆಗೆ ಹೋಗುತ್ತಿತ್ತು. ಈಗ ಆ ಕಡೆಗೆ ರೈಲು ಇಲ್ಲ. ಬೇಲಿ, ಬಿಎಸ್‌ಎಫ್ ಕಾವಲು, ಆಚೆಗೂ ಗೋಧಿಯೇ.

ಗಡಿ ಎದುರು ನಿಂತಾಗ ಸರ್ದಾರ್‌ಜಿ ಹೇಳಿದ ಸಂಗತಿ ಮುಖ್ಯ. 1947ರಲ್ಲಿ ಫಿರೋಜ್‌ಪುರ ಯಾರಿಗೆ ಅನ್ನುವುದು ಕೊನೆ ಗಳಿಗೆವರೆಗೂ ತೂಗುತ್ತಿತ್ತು. ಗಡಿ ಗೆರೆ ಎಳೆದ ರ‍್ಯಾಡ್‌ಕ್ಲಿಫ್‌ನ ಮೊದಲ ಕರಡಿನಲ್ಲಿ ಅದು ಪಾಕಿಸ್ತಾನದ ಕಡೆಗಿತ್ತು. ಗಂಗಾ ಸಿಂಗ್ 1943ರಲ್ಲೇ ತೀರಿಕೊಂಡಿದ್ದ. ಮಗ ಸಾದುಲ್ ಸಿಂಗ್ ತನ್ನ ಎಂಜಿನಿಯರ್ ಕಂವರ್ ಸೇನ್‌ರನ್ನು ದೆಹಲಿಗೆ ಓಡಿಸಿ, ಕಾಲುವೆಯ ಬಾಯಿ ಆಚೆ ಹೋದರೆ ಬಿಕಾನೇರ್ ಬದುಕುವುದಿಲ್ಲ ಅಂತ ಮೌಂಟ್‌ಬ್ಯಾಟನ್‌ಗೆ ಒತ್ತಾಯ ಮಾಡಿಸಿದ. ಕೊನೆಗೆ ಫಿರೋಜ್‌ಪುರ ಭಾರತಕ್ಕೆ ಉಳಿಯಿತು. ಗಡಿ ಬದಲಾದದ್ದು ಇದರಿಂದಲೇನಾ, ಬೇರೆ ಕಾರಣಕ್ಕಾ ಅನ್ನುವ ಜಗಳ ಇತಿಹಾಸಕಾರರಿಗೆ ಇನ್ನೂ ಮುಗಿದಿಲ್ಲ. ಗಂಗಾನಗರದಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ.

ಬುಧವಾರ: ಹಳೆಯ ಉಳುಮೆ, ಹೊಸ ಸವಳು

ಕಾಲೀಬಂಗಾ ಹನುಮಾನ್‌ಗಢ ಜಿಲ್ಲೆಯಲ್ಲಿದೆ. ಬತ್ತಿಹೋದ ಘಗ್ಗರ್ ನದಿಯ ದಂಡೆ. ಇಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞರಾದ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅಗೆದಾಗ ಹರಪ್ಪಾಕ್ಕೂ ಹಿಂದಿನ ಒಂದು ಉತ್ತ ಹೊಲ ಸಿಕ್ಕಿತು. ನೇಗಿಲ ಸಾಲುಗಳು ಎರಡು ದಿಕ್ಕಿಗೆ. ಒಂದು ಕಡೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಅಡ್ಡಲಾಗಿ ಸುಮಾರು 190. ಈ ಭಾಗದ ರೈತರು ಇತ್ತೀಚಿನವರೆಗೂ ಹೀಗೇ ಬಿತ್ತುತ್ತಿದ್ದರು: ಒತ್ತು ಸಾಲಿನಲ್ಲಿ ಕಡಲೆ, ದೂರದ ಸಾಲಿನಲ್ಲಿ ಸಾಸಿವೆ. ಕಡಲೆಗೆ ಸಾಸಿವೆಯ ನೆರಳು ಬೀಳದ ಹಾಗೆ ಲೆಕ್ಕ. ಹೊಲ ಹಾಳಾಗದಿರಲಿ ಅಂತ ಮತ್ತೆ ಮಣ್ಣು ಮುಚ್ಚಿದ್ದಾರೆ, ನೋಡಲು ಸಿಗುವುದು ಗುರುತಿನ ಕಂಬ ಮಾತ್ರ. ಆದರೂ ಕಾಕಾ ಅಲ್ಲಿ ಬಹಳ ಹೊತ್ತು ನಿಂತರು. "ಅಕ್ಕಡಿ ಸಾಲು" ಅಂದರು.

ಅಂದರೆ ಮರಳುಗಾಡಿಗೆ ಬೇಸಾಯ ತಂದವನು ಗಂಗಾ ಸಿಂಗ್ ಅನ್ನುವುದು ಪೂರ್ತಿ ಸರಿಯಲ್ಲ. ನದಿ ಇದ್ದಾಗ ಇಲ್ಲಿ ಬೇಸಾಯ ಇತ್ತು. ಘಗ್ಗರ್‌ಗೆ ಈಗಲೂ ಮಳೆಗಾಲದಲ್ಲಿ ನೆರೆ ಬರುತ್ತದೆ. ಅದರ ಪಾತ್ರದಲ್ಲಿ ಭತ್ತ ಬೆಳೆಯುತ್ತಾರೆ ಅಂತ ತಿಳಿದಾಗ ಕಾಕಾ ಮುಖ ನೋಡಬೇಕಿತ್ತು.

ಸೂರತ್‌ಗಢದ ದಾರಿಯಲ್ಲಿ ಬಡೋಪಲ್. ಇಲ್ಲಿ ಕಥೆ ತಿರುಗುತ್ತದೆ. ಹೊಲ ಇರಬೇಕಾದಲ್ಲಿ ಕೆರೆಯಂಥ ನೀರು, ದಂಡೆಯ ತುಂಬ ಬಿಳಿ ಉಪ್ಪು. ಅರ್ಧ ಕುಸಿದ ಮನೆಗಳು. ಒಣಗಿದ ಮರಗಳು ನೀರಿನಲ್ಲೇ ನಿಂತಿವೆ. ಜನ ಇದಕ್ಕೆ ಸೇಮ್ ಅನ್ನುತ್ತಾರೆ. ನಮ್ಮ ಸವಳು ಜವಳು. ಘಗ್ಗರ್ ನೆರೆಯಿಂದ ಪಟ್ಟಣ ಉಳಿಸಲು ಆ ನೀರನ್ನು ಮರಳುದಿಬ್ಬಗಳ ನಡುವಿನ ತಗ್ಗುಗಳಿಗೆ ತಿರುಗಿಸಿದರು. ಮೇಲೆ ಕಾಲುವೆಯಿಂದಲೂ ಹೊಲಗಳಿಂದಲೂ ನೀರು ಇಳಿಯಿತು. ಕೆಳಗೆ ಜಿಪ್ಸಂನ ಗಟ್ಟಿ ಪದರ ಇದೆ, ನೀರು ಕೆಳಗಿಳಿಯಲು ದಾರಿ ಇಲ್ಲ. ಮೇಲಕ್ಕೆ ಬಂತು, ಬರುವಾಗ ಉಪ್ಪನ್ನೂ ತಂದಿತು. ವರ್ಷಕ್ಕೆ 250 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ನೀರು ಹೆಚ್ಚಾಗಿ ಊರು ಬಿಟ್ಟವರಿದ್ದಾರೆ.

ಕಾಕಾ ಬಾಗಿ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ಉಗಿದರು. ಗಂಗಾವತಿ, ಸಿಂಧನೂರಿನ ತಗ್ಗು ಹೊಲಗಳಲ್ಲಿ ಇದೇ ಬಿಳಿ ಪೊರೆ ಇದೆ. ಕಾಲುವೆ ಕಟ್ಟುವಾಗ ಎಲ್ಲರೂ ನೀರು ತರುವ ಲೆಕ್ಕ ಹಾಕುತ್ತಾರೆ, ಹೊರಗೆ ಬಿಡುವ ಬಸಿಗಾಲುವೆಯ ಲೆಕ್ಕ ಯಾರೂ ಹಾಕುವುದಿಲ್ಲ. ಇದು ನನ್ನ ಸಿಟ್ಟು, ಬಡೋಪಲ್‌ನವರು ಇಷ್ಟೂ ಹೇಳಲಿಲ್ಲ.

ಗುರುವಾರ: ಸೂರತ್‌ಗಢ

ಬೆಳಿಗ್ಗೆ ಬಿರಧ್‌ವಾಲ್ ಹೆಡ್‌ನಲ್ಲಿ ಇಂದಿರಾ ಗಾಂಧಿ ಕಾಲುವೆ ನೋಡಿದೆವು. ಗಂಗ ಕಾಲುವೆ ಗೆದ್ದದ್ದರಿಂದಲೇ ಹುಟ್ಟಿದ್ದು ಇದು. ಅದೇ ಕಂವರ್ ಸೇನ್ 1948ರಲ್ಲಿ ಬರೆದ ವರದಿ, 1958ರ ಮಾರ್ಚ್ 31ರಂದು ಅಡಿಗಲ್ಲು. ಪಂಜಾಬಿನ ಹರಿಕೆಯಿಂದ ಜೈಸಲ್ಮೇರಿನ ಮೋಹನ್‌ಗಢದವರೆಗೆ 649 ಕಿಲೋಮೀಟರ್. ಕೊನೆ ಮುಟ್ಟಿದ್ದು 1987ರಲ್ಲಿ. ಹಿಮಾಚಲದಲ್ಲಿ ಪೋಂಗ್ ಅಣೆಕಟ್ಟಿಗೆ ಮನೆಮಠ ಕಳೆದುಕೊಂಡವರಿಗೆ ಈ ಕಾಲುವೆ ಕೆಳಗೆ ಮುರಬ್ಬಾ ಕೊಡುವ ಮಾತಾಗಿತ್ತು. ಬೆಟ್ಟದವರನ್ನು ಮರಳಿಗೆ ಕಳಿಸಿದ್ದು. ಆ ತಕರಾರು ಇನ್ನೂ ನಡೆಯುತ್ತಿದೆ. 2004ರಲ್ಲಿ ಘಡಸಾನಾ, ರಾವ್ಲಾ ಭಾಗದಲ್ಲಿ ನೀರು ಕಡಿತ ಮಾಡಿದ್ದಕ್ಕೆ ರೈತರು ಎದ್ದರು, ಗೋಲಿಬಾರ್ ಆಗಿ ಜೀವಗಳು ಹೋದವು. ಸರ್ದಾರ್‌ಜಿ ಆಗ ಅಲ್ಲಿಗೆ ಟ್ರಾಲಿಯಲ್ಲಿ ರೊಟ್ಟಿ ಒಯ್ದಿದ್ದರಂತೆ. ಅದರ ಬಗ್ಗೆ ಮಾತಾಡುವಾಗ ಮಾತ್ರ ಅವರ ದನಿ ಏರಿತು.

ಮಧ್ಯಾಹ್ನ ಸೂರತ್‌ಗಢದ ಕೇಂದ್ರೀಯ ಫಾರ್ಮ್. 1955ರಲ್ಲಿ ಕ್ರುಶ್ಚೇವ್, ಬುಲ್ಗಾನಿನ್ ಭಾರತಕ್ಕೆ ಬಂದು ಹೋದ ಮೇಲೆ ಸೋವಿಯತ್ ಸರ್ಕಾರ ಕೃಷಿ ಯಂತ್ರಗಳನ್ನು ಉಡುಗೊರೆ ಕೊಟ್ಟಿತು. ಅವುಗಳಿಂದ 1956ರ ಆಗಸ್ಟ್ 15ರಂದು ಶುರುವಾದ ಫಾರ್ಮ್ ಇದು, ಸುಮಾರು 12 ಸಾವಿರ ಹೆಕ್ಟೇರ್. ಈಗ ರಾಷ್ಟ್ರೀಯ ಬೀಜ ನಿಗಮದ ಕೈಯಲ್ಲಿದೆ. ಗೇಟ್ ಹತ್ತಿರ ನಿವೃತ್ತ ನೌಕರರೊಬ್ಬರು ಬಿಸಿಲು ಕಾಯಿಸುತ್ತಿದ್ದರು. ಎಲ್ಲಿಂದ ಬಂದಿರಿ ಅಂದರು. ಕರ್ನಾಟಕ ಅಂದೆವು. ಕರ್ನಾಟಕದಲ್ಲಿ ಎಲ್ಲಿ ಅಂದರು. ಸಿಂಧನೂರು ಅಂದ ಕೂಡಲೇ ಎದ್ದು ನಿಂತರು.

"ಜವಳಗೇರಾ!"

ಜವಳಗೇರಾ ನಮ್ಮ ತಾಲ್ಲೂಕಿನದೇ. ಅಲ್ಲಿಯೂ ಇದೇ ನಿಗಮದ ಫಾರ್ಮ್ ಇದೆ. ಇವರು ಅಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. ಮಿರ್ಚಿ ಬಜಿ, ಕರಿ ಮಣ್ಣಿನಲ್ಲಿ ಹೂತ ಟ್ರ್ಯಾಕ್ಟರ್, ಮಾನ್ವಿ ರಸ್ತೆಯ ಗುಂಡಿ ಎಲ್ಲಾ ನೆನಪು ಮಾಡಿಕೊಂಡರು. ಗುಂಡಿ ಹಾಗೇ ಇದೆಯಾ ಅಂತ ಕೇಳಿದರು. ಇದೆ ಅಂದೆ.

ಕಾಕಾ ಬಂದ ಕೆಲಸಕ್ಕೆ ಕೈ ಹಾಕಿದರು. ಎರಡನೇ ಬೆಳೆಗೆ ಭತ್ತ ಬಿಟ್ಟು ಕಡಲೆ ಹಾಕಬೇಕು ಅಂತ ರಾತ್ರಿ ಪಾಳಿ ನೋಡಿದ ಮೇಲೆ ತಲೆಗೆ ಹೊಕ್ಕಿತ್ತು. "ಒಳ್ಳೆ ಕಡಲೆ ಬೀಜ ಇಲ್ಲಿ ಸಿಗ್ತದೇನ್ರಿ?" ಅಂತ ದಖ್ಖನಿಯಲ್ಲಿ ಕೇಳಿದರು. ಆ ಹಿರಿಯರು ನಮ್ಮಿಬ್ಬರನ್ನೂ ನೋಡಿ, ನಿಮ್ಮ ಮಣ್ಣಿಗೆ ಒಗ್ಗುವ ಕಡಲೆ ಬೀಜ ಬೇಕಾದರೆ ಜವಳಗೇರಾಕ್ಕೇ ಹೋಗಿ, ನಿಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಅಂದರು.

ಸರ್ದಾರ್‌ಜಿ ಬಿದ್ದುಬಿದ್ದು ನಕ್ಕರು. ಕಾಕಾ ಸೋಲು ಒಪ್ಪಲಿಲ್ಲ. ಕೌಂಟರಿನಲ್ಲಿ ಎರಡು ಕೆಜಿ ಸಾಸಿವೆ ಬೀಜ ಕೊಂಡು ರಸೀದಿ ಬರೆಸಿಕೊಂಡೇ ಹೊರಗೆ ಬಂದರು.